ಪಂತ್‌ಗ್ಲಾಸಿನ ಮುಯ್ಯಾಳು

ಜುಲೈ ಬಂದು ಮೊದಲ ವಾರ ಕಳೆಯುವ ಹೊತ್ತಿಗೆ ಕುರಿಯ ಮೈಯಲ್ಲಿ ಹೊಸ ಉಣ್ಣೆ ಹುಟ್ಟಿ ಹಳೆಯದನ್ನು ಮೇಲಕ್ಕೆ ಎತ್ತುತ್ತದೆ. ಆಗ ಕತ್ತರಿ ಹಿಡಿದರೆ ತಾನಾಗಿ ಓಡುತ್ತದೆ. ಮುಂಚೆಯೇ ಕೈಹಾಕಿದರೆ ಬೆರಳ ಗೆಣ್ಣು ಬಾತುಕೊಳ್ಳುತ್ತದೆ. ತಡ ಮಾಡಿದರೆ ಅರ್ಧ ಉಣ್ಣೆ ಮುಳ್ಳುಕಂಟಿಯ ಪಾಲಾಗುತ್ತದೆ. ಕೆಲಸಕ್ಕೆ ಒದಗುವ ದಿನಗಳು ಕಡಿಮೆ, ಕುರಿಗಳು ಬಹಳ, ಮನೆಗೆ ಗಂಡಾಳು ಒಬ್ಬನೋ ಇಬ್ಬರೋ. ಹಾಗಾಗಿ ವೇಲ್ಸ್‌ನ ಈ ಬೆಟ್ಟಸೀಮೆಯಲ್ಲಿ ಒಬ್ಬರ ಕುರಿಯ ಉಣ್ಣೆಯನ್ನು ಇನ್ನೊಬ್ಬರು ಕತ್ತರಿಸಿಕೊಂಡು ಬಂದಿದ್ದೇವೆ. ನಮ್ಮ ಟಾನ್ರಾಲ್ಟ್ ಮನೆಗೆ ಸೋಮವಾರ, ಪಕ್ಕದ ಪಂತ್‌ಗ್ಲಾಸಿಗೆ ಬುಧವಾರ. ಅಜ್ಜಂದಿರು ಗೊತ್ತು ಮಾಡಿಹೋದ ದಿನಗಳು. ನನ್ನ ಅಂಗಳಕ್ಕೆ ನೀನು ಒಂದು ದಿನ ಬಂದರೆ ನಿನ್ನ ಅಂಗಳಕ್ಕೆ ನಾನು ಒಂದು ದಿನ ಬರಬೇಕು. ದುಡ್ಡಿನ ಮಾತಿಲ್ಲ. ಬಂದವನು ಗಟ್ಟಿಗನೋ ಮುದುಕನೋ, ಅಂದು ಬಿಸಿಲಿತ್ತೋ ಮಳೆ ಹಿಡಿಯಿತೋ, ಅದನ್ನೂ ನೋಡುವಂತಿಲ್ಲ. ಮುಯ್ಯಾಳು ಎಂದರೆ ಆಳಿಗೆ ಆಳು, ದಿನಕ್ಕೆ ದಿನ.

ಆ ಮುಯ್ಯನ್ನು ಯಾರೂ ಉಳಿಸಿಕೊಳ್ಳುವುದಿಲ್ಲ, ಯಾರೂ ಬಿಟ್ಟುಕೊಡುವುದೂ ಇಲ್ಲ. ‘ಹೋಗಲಿ, ನೀವು ಬರಬೇಡಿ’ ಎಂದು ಹೇಳುವುದು ಒಂದೇ ಸಂದರ್ಭದಲ್ಲಿ: ಆ ಮನೆ ಮುಳುಗಿತು, ಇನ್ನು ಅಲ್ಲಿಂದ ಆಳು ಹೊರಡುವುದಿಲ್ಲ ಎಂದು ಊರಿಗೆ ಖಾತ್ರಿಯಾದಾಗ. ಪಂತ್‌ಗ್ಲಾಸಿನ ಇಥೆಲ್‌ಗೆ ಆ ಮಾತು ಒಮ್ಮೆ ಕೇಳಬೇಕಾಗಿ ಬಂದಿತ್ತು. ಹೆಂಡತಿ ತೀರಿಕೊಂಡ ಚಳಿಗಾಲದಲ್ಲೇ ಗಾಡಿ ಮಗುಚಿ ಅವನ ಸೊಂಟದ ಮೂಳೆ ಮುರಿಯಿತು. ಬೇಸಿಗೆ ಬಂದಾಗ ಕೆಲವು ಮನೆಯವರು ಪಾಪ ಎಂದುಕೊಂಡೇ ತಮಗೆ ಬರಬೇಕಾದ ದಿನವನ್ನು ಬಿಟ್ಟುಕೊಟ್ಟರು. ಇಥೆಲ್ ಅವರಿಗೆಲ್ಲ ಉಪಕಾರ ಹೇಳಿದ. ಅಂದಿನಿಂದ ಪ್ರಾರ್ಥನಾಮಂದಿರದಲ್ಲಿ ಅವರ ಸಾಲಿನಲ್ಲಿ ಕೂರುವುದನ್ನು ಬಿಟ್ಟ.

ಮರುವರ್ಷ ಅವನ ಒಬ್ಬಳೇ ಮಗಳು ಗ್ವೆರ್ವಿಲ್ ಅಪ್ಪನ ಕತ್ತರಿ ತೆಗೆದುಕೊಂಡು ಆ ಮನೆಗಳಿಗೆಲ್ಲ ಹೋಗಿ ಹಿಂದಿನ ಬಾಕಿಯನ್ನೂ ಸೇರಿಸಿ ದುಡಿದು ಬಂದಳು. ನಮ್ಮಲ್ಲಿ ಹೆಂಗಸರು ಉಣ್ಣೆ ಸುತ್ತುತ್ತಾರೆ, ಅಡುಗೆ ಮಾಡುತ್ತಾರೆ. ಕತ್ತರಿಸುವ ಬೆಂಚಿನ ಮೇಲೆ ಕೂರುವುದಿಲ್ಲ. ಅವಳು ಕೂತಳು. ಮೊದಲ ದಿನ ನಕ್ಕವರು ಎರಡನೇ ದಿನ ಅವಳ ಪಕ್ಕದ ಬೆಂಚು ಬೇಡವೆಂದರು, ತಮ್ಮ ನಿಧಾನ ಎದ್ದು ಕಾಣುತ್ತದೆಂದು.

ನಾನು ಹೇಳಹೊರಟ ವರ್ಷ ಯುದ್ಧ ಮುಗಿದಿತ್ತು, ಚಹಾ ಸಕ್ಕರೆಗೆ ರೇಷನ್ ಇನ್ನೂ ಇತ್ತು. ಪಂತ್‌ಗ್ಲಾಸಿನ ಬುಧವಾರ ಬೆಳಿಗ್ಗೆ ಬೆಟ್ಟದ ನೆತ್ತಿಯ ಮೇಲೆ ಮಂಜು ಕೂತಿತ್ತು. ಉಣ್ಣೆ ಆರಲೆಂದು ನಾವು ಕಾದು, ಹತ್ತು ಗಂಟೆಯ ಹೊತ್ತಿಗೆ ಕೆಲಸ ಹಿಡಿದೆವು. ಸೊಂಟ ಹಿಡಿದುಕೊಂಡಿದೆ ಎಂದು ಒಬ್ಬ ಬಂದಿರಲಿಲ್ಲ, ಅವನ ಬೆಂಚು ಖಾಲಿ. ಇಥೆಲ್ ಕೋಲೂರಿಕೊಂಡು ದೊಡ್ಡಿಯ ಬಾಗಿಲಲ್ಲಿ ನಿಂತು ಕುರಿ ಆರಿಸಿ ಕಳಿಸುತ್ತಿದ್ದ. ನನ್ನ ಕತ್ತರಿ ಅಂದು ಮಾತು ಕೇಳುತ್ತಿರಲಿಲ್ಲ. ಕುರಿಯ ಬೆನ್ನ ಮೇಲೆ ಗೆರೆ ಗೆರೆಯಾಗಿ ಉಣ್ಣೆ ಉಳಿಯುತ್ತಿತ್ತು.

“ಇದ್ವಾಲ್ ಮಾವ, ಆ ಕುರಿಗೆ ಮೆಟ್ಟಿಲು ಕಟ್ತಿದೀರಾ?” ಎಂದಳು ಗ್ವೆರ್ವಿಲ್, ತಲೆಯೆತ್ತದೆ. “ಕಟ್ಟಿ ಕಟ್ಟಿ, ಮಳೆನೀರು ಇಳಿಯೋಕೆ ಅನುಕೂಲ.”

ಬೆಂಚುಗಳ ಸಾಲೆಲ್ಲ ನಕ್ಕಿತು. ಉಣ್ಣೆ ಸುತ್ತುತ್ತಿದ್ದ ನನ್ನ ಹೆಂಡತಿ ನೆಸ್ಟ್ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆಗಲೇ ಗುರುತಿಲ್ಲದವನೊಬ್ಬ ಬೆಟ್ಟದ ಮೇಲಿನಿಂದ ಇಳಿದು ಬಂದದ್ದು. ಇಥೆಲ್‌ನದೇ ಒಂದು ತಪ್ಪಿಸಿಕೊಂಡ ಕುರಿಯನ್ನು ಮುಂದೆ ಮಾಡಿಕೊಂಡು ಹೊಡೆದುಕೊಂಡು ಬರುತ್ತಿದ್ದ. ಬಣ್ಣ ಕಾಣದ ಉಣ್ಣೆಯ ಹೊದಿಕೆ, ಕಾಲಿಗೆ ತೊಗಲಿನ ಪಟ್ಟಿ, ಇಪ್ಪತ್ತೈದರ ಸುಮಾರಿನ ಗಂಡಸು. ಸೊಂಟದಲ್ಲಿ ಒಂದು ಕತ್ತರಿ. ನಮ್ಮದಕ್ಕಿಂತ ಚಿಕ್ಕದು, ಆಕಾರ ಮಾತ್ರ ನಮ್ಮದೇ. ಅವನು ಎಲ್ಲಿಂದ ಬಂದನೆಂದು ಯಾರೂ ಕೇಳಲಿಲ್ಲ. ಗಾಳಿ ಮೂಡಲಿನದು, ನೆತ್ತಿಯ ಮೇಲೆ ಮಂಜು. ಅಷ್ಟು ಸಾಕಿತ್ತು.

ನಮ್ಮ ಬೆಟ್ಟದ ನೆತ್ತಿಯಲ್ಲಿ ಒಂದಕ್ಕೊಂದು ವಾಲಿಕೊಂಡ ಎರಡು ಕಲ್ಲುಗಳಿವೆ. ನಡುವೆ ಒಂದು ಕುದುರೆ ದಾಟುವಷ್ಟು ಸಂದು. ಉಳಿದ ದಿನಗಳಲ್ಲಿ ಆ ಸಂದಿನಲ್ಲಿ ಹೊಕ್ಕರೆ ಬೆಟ್ಟದ ಆ ಮಗ್ಗುಲಿಗೆ ಬರುತ್ತೀರಿ. ಮೂಡಲ ಗಾಳಿಗೆ ಮಂಜು ಕಟ್ಟಿದಾಗ ಹೊಕ್ಕರೆ ಬೆಟ್ಟ ಅದೇ, ಕಾಲ ಬೇರೆ. ಸತ್ತಿಲ್ಲ, ಮರಳಿ ಬರುತ್ತಾರೆ ಎಂದು ವೇಲ್ಸ್‌ನ ಜನ ಇಂದಿಗೂ ಕಾಯುವ ಆ ಹಳೆಯ ಅರಸರ ಕಾಲ. ಬೆಟ್ಟದ ಮೇಲೆ ಅವರ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ, ಅರಸರು ಎಂದರೆ ಆಯಿತು. ಹೊರಗಿನವರು ಹೇಳುವಂತೆ ಅವರೇನೂ ಗುಹೆಯಲ್ಲಿ ದಂಡು ಕಟ್ಟಿಕೊಂಡು ಮಲಗಿಲ್ಲ. ಸಂದಿನ ಆಚೆ ಅವರ ಆಳ್ವಿಕೆ ನಡೆದೇ ಇದೆ. ಇಲ್ಲಿ ಒಂದು ದಿನ ಕಳೆದರೆ ಅಲ್ಲಿಯೂ ಒಂದು ದಿನ. ನನ್ನ ಮುತ್ತಜ್ಜನ ಪ್ರಾಯದಲ್ಲಿ ಆಚೆ ಅರಸರ ಅಪ್ಪ ಆಳುತ್ತಿದ್ದನಂತೆ. ನಾವು ಅದನ್ನು ಮಾತಾಡಿ ದೊಡ್ಡದು ಮಾಡುವುದಿಲ್ಲ. ಜೌಗು ಎಲ್ಲಿದೆ ಎಂದು ಗೊತ್ತಿರುವಂತೆ ಇದೂ ಗೊತ್ತು. ಮಂಜಿನಲ್ಲಿ ಆಚೆ ಹೋದ ಕುರಿ ಒಮ್ಮೊಮ್ಮೆ ಮರಿ ಹಾಕಿಕೊಂಡು ಮರಳುತ್ತದೆ, ಮರಿಯ ಕಿವಿಯಲ್ಲಿ ಸುತ್ತಿನ ಯಾವ ಮನೆಗೂ ಸೇರದ ಕಚ್ಚಿನ ಗುರುತು ಇರುತ್ತದೆ. ಅಂಥ ಮರಿಯನ್ನು ನಾವು ಮಾರುವುದಿಲ್ಲ. ಮುಂದಿನ ಮಂಜಿಗೆ ಸಂದಿನ ಬಾಯಿಗೆ ಬಿಟ್ಟು ಬರುತ್ತೇವೆ.

ಬಂದವನು ಖಾಲಿ ಬೆಂಚನ್ನು ನೋಡಿದ, ಇಥೆಲ್‌ನ ಮುಖ ನೋಡಿದ. ಇಥೆಲ್ ಕೋಲಿನಿಂದ ಬೆಂಚನ್ನು ತೋರಿಸಿದ. ಅವನು ಕೂತು ಸಂಜೆಯ ತನಕ ಎದ್ದದ್ದು ಊಟಕ್ಕೆ ಮಾತ್ರ. ಕೈ ನಿಧಾನ, ಆದರೆ ಒಂದು ಕುರಿಗೂ ಗಾಯವಾಗಲಿಲ್ಲ. ಅವನ ಮಾತು ನಮ್ಮ ಭಾಷೆಯೇ. ಪ್ರಾರ್ಥನಾಮಂದಿರದ ಹಳೆಯ ಪುಸ್ತಕಕ್ಕಿಂತ ಇನ್ನೂ ಹಳೆಯದು, ಎರಡು ಸಲ ಹೇಳಿಸಿಕೊಂಡರೆ ತಿಳಿಯುತ್ತಿತ್ತು. ಹೆಸರು ಕಡ್ವನ್ ಎಂದ. ಊಟಕ್ಕೆ ಉಪ್ಪು ಹಾಕಿದ ದನದ ಮಾಂಸ, ಆಲೂಗಡ್ಡೆ, ಅಕ್ಕಿಯ ಪಾಯಸ. ಆಲೂಗಡ್ಡೆಯನ್ನು ಅವನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು ಗ್ವೆರ್ವಿಲ್, ತಿನ್ನು, ಅದು ಕಚ್ಚೋದಿಲ್ಲ ಎಂದಳು. ಅವನು ತಿಂದ. ತಿಂದ ಮೇಲೆ ಅವಳ ತಟ್ಟೆಯ ಕಡೆಯೂ ನೋಡಿದ. ಅವಳು ತನ್ನದನ್ನೂ ಎತ್ತಿ ಅವನಿಗೆ ಹಾಕಿದಳು.

ಹೊರಡುವಾಗ ಇಥೆಲ್ ಅವನನ್ನು ಗೇಟಿನ ತನಕ ಬಿಟ್ಟು, ಎಲ್ಲರ ಎದುರಿಗೇ, “ನಿನ್ನದೊಂದು ದಿನ ಈ ಮನೆ ಮೇಲಿದೆ” ಎಂದ.

“ಇರಲಿ. ಬೇಕಾದಾಗ ಬಂದು ಕೇಳ್ತೀನಿ” ಎಂದು ಕಡ್ವನ್ ಮಂಜಿನೊಳಗೆ ಹತ್ತಿಹೋದ.

ಆ ಬೇಸಿಗೆಯಲ್ಲಿ ಮೂಡಲ ಗಾಳಿ ಹೆಚ್ಚು. ಮಂಜು ಬಿದ್ದಾಗಲೆಲ್ಲ ಗ್ವೆರ್ವಿಲ್‌ಗೆ ಬೆಟ್ಟದ ಮೇಲೆ ಏನಾದರೂ ಕೆಲಸ ಇರುತ್ತಿತ್ತು. ಒಂದು ಸಲ ಗೋಡೆ ಬಿದ್ದಿದೆ ಎನ್ನುವಳು, ಇನ್ನೊಂದು ಸಲ ಕುರಿಯ ಕಾಲಿಗೆ ಹುಳ ಬಿದ್ದಿದೆ ಎನ್ನುವಳು. ನಾನೊಮ್ಮೆ ನೋಡಿದೆ: ಅವಳು ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಅವನು ಕೆಳಗೆ ಹುಲ್ಲಿನಲ್ಲಿ. ಇಬ್ಬರ ನಡುವೆ ಫ್ಲಾಸ್ಕು. ಮನೆಗೆ ಬಂದು ಹೇಳಿದಾಗ ನೆಸ್ಟ್, ಇರೋರಿಗೆ ಚಹಾ ಇಲ್ಲ, ಇವಳು ಸತ್ತು ಸಾವಿರ ವರ್ಷ ಆದೋರಿಗೆ ಕುಡಿಸ್ತಿದಾಳೆ ಎಂದು ಗೊಣಗಿದಳು. ಆಮೇಲೆ ನಮ್ಮ ಪಾಲಿನ ಚಹಾದಲ್ಲಿ ಒಂದು ಪೊಟ್ಟಣ ಕಟ್ಟಿ ಪಂತ್‌ಗ್ಲಾಸಿಗೆ ಕಳಿಸಿದಳು. ಇಥೆಲ್ ಎಲ್ಲವನ್ನೂ ಕಂಡೂ ಕಾಣದಂತಿದ್ದ. ಅವಳು ಹಾಡಿಕೊಂಡು ಹಾಲು ಕರೆಯುವುದನ್ನು ಅವನು ಕೇಳಿ ಬಹಳ ಕಾಲವಾಗಿತ್ತು; ಈಗ ಮತ್ತೆ ಕೇಳಿಸುತ್ತಿತ್ತು.

ಸೆಪ್ಟೆಂಬರ್ ಕೊನೆಗೆ ಜರಿಗಿಡ ಕೆಂಪಾಯಿತು. ಚಳಿಗಾಲಕ್ಕೆ ದನಗಳ ಕಾಲಡಿಗೆ ಹಾಸಲು ಅದನ್ನು ಕೊಯ್ದು ಇಳಿಸುವ ಕೆಲಸ ನಡೆದಿತ್ತು. ಇಥೆಲ್‌ನ ಗಾಡಿ ತಂದಿದ್ದ ನಾನು ಅದನ್ನು ಹಿಂದಿರುಗಿಸಲು ಹೋದಾಗ ಮಧ್ಯಾಹ್ನ. ಅಡುಗೆಮನೆಯಲ್ಲಿ ಅಪ್ಪ ಮಗಳು ಮೇಜಿನ ಬಳಿ ಕೂತಿದ್ದರು, ಕಡ್ವನ್ ನಿಂತಿದ್ದ. ಉಸಿರು ಇನ್ನೂ ಸಮಕ್ಕೆ ಬಂದಿರಲಿಲ್ಲ.

ಅವನು ಹೇಳಿದ್ದು ಇಷ್ಟು. ಅರಸರ ತಂಗಿಯ ಮಗನೇ ಅವರಿಗೆ ತಿರುಗಿಬಿದ್ದಿದ್ದಾನೆ. ಎರಡು ಕಡೆಯ ದಂಡೂ ಕೆಳಗಿನ ಹೊಳೆ ಹಾಯುವ ಜಾಗಕ್ಕೆ ಬಂದು ನಿಂತಿದೆ. ನಾಳೆ ಬೆಳಗಾದರೆ ಕಾದಾಟ. ಅರಸರಿಗೆ ಜನ ಸಾಲದು, ಮನೆಗೊಂದು ಆಳು ಕೇಳಿದ್ದಾರೆ. ಕಡ್ವನ್‌ನ ಮನೆಯಿಂದ ಅವನೇ ಹೋಗುತ್ತಾನೆ. ಅವನಿಗೆ ಇನ್ನೊಂದು ದಿನ ಎಲ್ಲಿಂದಲಾದರೂ ಬರಬೇಕಾಗಿದ್ದರೆ ಅದು ಪಂತ್‌ಗ್ಲಾಸಿನದು. ಅದನ್ನು ಕೇಳಲು ಬಂದಿದ್ದಾನೆ.

ಆ ಹೊಳೆಯ ಬದಿಯ ನಾಳೆಯ ಕಥೆ ನಮಗೆ ತೊಟ್ಟಿಲಿನಿಂದ ಗೊತ್ತು. ಅರಸರು ತಲೆಗೆ ಪೆಟ್ಟು ತಿನ್ನುತ್ತಾರೆ. ಅವರನ್ನು ಸರೋವರಕ್ಕೆ ಹೊತ್ತು ತಂದು ದೋಣಿಯಲ್ಲಿ ಒಂದು ದ್ವೀಪಕ್ಕೆ ಸಾಗಿಸುತ್ತಾರೆ. ಗಾಯ ಮಾಯ್ದ ಮೇಲೆ ಮರಳಿ ಬರುತ್ತಾರೆ. ಹೊಳೆಗೆ ಹೋದವರಲ್ಲಿ ಮನೆಗೆ ಬಂದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

“ನಾಳೆ ಏನಾಗುತ್ತೆ ಅಂತ ನಮಗೆ ಗೊತ್ತು” ಎಂದಳು ಗ್ವೆರ್ವಿಲ್. “ಹೋಗಿ ಅರಸರಿಗೆ ಹೇಳು.”

“ಅವರಿಗೂ ಗೊತ್ತು. ನಿಮ್ಮ ಕಡೆ ಕುರಿ ಕಾಯೋನೊಬ್ಬ ಯಾವತ್ತೋ ಹೇಳಿಹೋಗಿದ್ದ. ಗೊತ್ತಾಯ್ತು ಅಂತ ಎದುರಿನ ದಂಡಿನವರು ಎದ್ದು ಹೋಗ್ತಾರಾ?”

ಇಥೆಲ್ ಕೋಲಿಗೆ ಕೈಯಿಟ್ಟು ಏಳಲು ನೋಡಿದ. ಮೇಜು ಹಿಡಿದುಕೊಂಡು ಎದ್ದ. ಅಲ್ಲಿಂದ ಬಾಗಿಲ ತನಕ ನಡೆದು ನಿಂತ. ಕಡ್ವನ್ ಅವನ ಸೊಂಟದ ಕಡೆ ನೋಡಿ, ಆಮೇಲೆ ಗ್ವೆರ್ವಿಲ್ ಕಡೆ ನೋಡಿ, ಮುಖ ಕೆಳಗೆ ಹಾಕಿದ.

“ಹೋಗಲಿ ಬಿಡಿ, ಅಪ್ಪಾಜಿ. ನೀವು ಬರೋದು ಬೇಡ. ನಾನು ಲೆಕ್ಕ ಇಡೋದಿಲ್ಲ.”

ಅವನು ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಆ ಮನೆಯಲ್ಲಿ ಆಡಬಾರದ ಮಾತು ಅದೊಂದೇ. ಸಾವಿರ ವರ್ಷದ ಆಚೆಯ ಮನೆಯವನೂ ಪಂತ್‌ಗ್ಲಾಸ್ ಮುಳುಗಿತು ಎಂದು ತೀರ್ಮಾನಿಸಿಬಿಟ್ಟನಲ್ಲ ಎಂದು ಇಥೆಲ್‌ಗೆ ಅನಿಸಿರಬೇಕು. ನಾನು ಹೋಗುತ್ತೇನೆ ಎಂದೆ. ಇಥೆಲ್ ನನ್ನ ಕಡೆ ತಿರುಗದೆಯೇ, ಬೆಂಚು ಹಾಕಿದ್ದು ಯಾರ ಅಂಗಳದಲ್ಲಿ, ಟಾನ್ರಾಲ್ಟಿನಲ್ಲಾ ಎಂದು ಕೇಳಿದ. ಒಂದು ಮನೆಯ ಮುಯ್ಯನ್ನು ಇನ್ನೊಂದು ಮನೆ ತೀರಿಸುವುದಿಲ್ಲ.

“ಅಲ್ಲಿ ನೀರು ಹೊರೋಕೆ, ಕುದುರೆ ಹಿಡಿಯೋಕೆ ಆಳು ಬೇಡ್ವಾ?” ಎಂದು ಗ್ವೆರ್ವಿಲ್ ಕಡ್ವನ್‌ನನ್ನು ಕೇಳಿದಳು.

“ಬೇಕು.”

“ನಾನು ಬರ್ತೀನಿ. ಕತ್ತಿ ಮುಟ್ಟೋದಿಲ್ಲ, ಸಾಲಲ್ಲಿ ನಿಲ್ಲೋದಿಲ್ಲ. ಒಂದು ದಿನ. ಕತ್ತಲಾಗೋ ಹೊತ್ತಿಗೆ ಮನೆಗೆ.” ಆಮೇಲೆ ಅಪ್ಪನಿಗೆ, “ಹಾಲು ಮಾತ್ರ ಸಂಜೆ ನೀವೇ ಕರೀಬೇಕಾಗುತ್ತೆ, ಅಪ್ಪ. ಕಪ್ಪು ಹಸು ಒದೆಯುತ್ತೆ, ನೋಡ್ಕೊಳ್ಳಿ.”

ಬೇಡ ಎನ್ನಲು ಇಥೆಲ್‌ಗೆ ಒಂದು ಮಾತು ಸಾಕಿತ್ತು. ಅವನು ಬಾಗಿಲ ಬಳಿ ಇದ್ದ ಅವಳ ಬೂಟನ್ನು ಕೋಲಿನಿಂದ ಮುಂದಕ್ಕೆ ತಳ್ಳಿದ. “ಬೂಟಿಗೆ ಕೊಬ್ಬು ಸವರ್ಕೋ. ಹೊಳೆ ಬದಿ ಜೌಗು ಇರುತ್ತೆ” ಎಂದ.

ಬೆಳಗಿನ ಜಾವಕ್ಕೆ ಅವಳು ಹೋದಳು. ಏಪ್ರನ್ ಕಟ್ಟಿದ್ದಳು, ಕತ್ತರಿಯನ್ನೂ ತೆಗೆದುಕೊಂಡಿದ್ದಳಂತೆ; ಮುಯ್ಯಿಗೆ ಹೋಗುವಾಗ ಅವಳು ಅದಿಲ್ಲದೆ ಯಾವತ್ತೂ ಹೋದವಳಲ್ಲ. ಸಂಜೆ ನಾನು ಜರಿಗಿಡದ ಹೊರೆ ಇಳಿಸುವಾಗ ಪಂತ್‌ಗ್ಲಾಸಿನ ಕೊಟ್ಟಿಗೆಯಲ್ಲಿ ಇಥೆಲ್ ಕಪ್ಪು ಹಸುವನ್ನು ಬೈಯುವುದು ಕೇಳಿಸಿತು. ಕತ್ತಲಾಯಿತು. ಅವಳು ಬರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಇಥೆಲ್ ಗಿಡ್ಡ ಕುದುರೆಯ ಮೇಲೆ ಕೂತು ನಮ್ಮ ಗೇಟಿನ ಹೊರಗೆ ನಿಂತಿದ್ದ. ಕರೆಯಲಿಲ್ಲ. ನೆಸ್ಟ್ ರೊಟ್ಟಿ, ಗಿಣ್ಣು ಕಟ್ಟಿಕೊಟ್ಟಳು. ಗಂಡನನ್ನು ಹಾಗೆ ಕಳಿಸುವುದು ಅವಳಿಗೂ ಸುಲಭವಿರಲಿಲ್ಲ. ನನ್ನ ಕೋಟಿನ ಗುಂಡಿಯನ್ನು ಹಾಕಿದ್ದನ್ನೇ ಮತ್ತೆ ಹಾಕಿದಳು. ನೆತ್ತಿಯ ಮೇಲೆ ಮಂಜು ಇನ್ನೂ ಇತ್ತು. ಕುದುರೆಯ ಹಗ್ಗ ಹಿಡಿದು ನಾನು ಮುಂದೆ ನಡೆದು ಸಂದಿನಲ್ಲಿ ಹೊಕ್ಕೆ.

ಆಚೆ ಮೊದಲು ಕಂಡದ್ದೇನೆಂದರೆ, ಗೋಡೆಗಳಿಲ್ಲ. ನಮ್ಮ ಕಣ್ಣು ಹುಟ್ಟಿದಂದಿನಿಂದ ಕಲ್ಲುಗೋಡೆಗಳ ಗೆರೆ ಹಿಡಿದೇ ಆ ಬೆಟ್ಟವನ್ನು ನೋಡಿದ್ದು. ಅವಿಲ್ಲದೆ ಅದು ಬಟ್ಟೆ ಕಳಚಿದ ಹಾಗೆ ಬಿದ್ದಿತ್ತು. ಕೆಳಗೆ ನಮ್ಮ ಮನೆಗಳಿರಬೇಕಾದ ಕಡೆ ಕಾಡು. ಹೊಳೆ ಮಾತ್ರ ತನ್ನ ಜಾಗದಲ್ಲೇ ಇತ್ತು. ನಾನು ಹುಲ್ಲಿನ ಗಾಡಿ ಹಾಯಿಸುವ ಜಾಗವೂ ಅದೇ.

ಅಲ್ಲಿ ಕಂಡದ್ದನ್ನೆಲ್ಲ ನಾನು ನೆಸ್ಟ್‌ಗೂ ಹೇಳಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹೊಡೆದರೆ ಓಟ್ಸ್ ಹೊರೆಗಳು ಹೊಲದ ತುಂಬ ಬಿದ್ದಿರುತ್ತವಲ್ಲ, ಜನ ಹಾಗೆ ಬಿದ್ದಿದ್ದರು. ಹೆಂಗಸರು ಒಬ್ಬೊಬ್ಬರನ್ನೇ ಹೊರಳಿಸಿ ಮುಖ ನೋಡಿ ಮುಂದೆ ಹೋಗುತ್ತಿದ್ದರು. ಎಲ್ಲೋ ಕಾಡಿನಂಚಿನಲ್ಲಿ ಕರೆಯದೆ ಬಿಟ್ಟ ಹಸುವೊಂದು ಒಂದೇ ಸಮನೆ ಕೂಗುತ್ತಿತ್ತು. ಇಥೆಲ್ ಕುದುರೆಯಿಂದ ಇಳಿಯಲಾರ. ನಾನೇ ಬಗ್ಗಿ ಬಗ್ಗಿ ನೋಡಿದೆ. ಏಪ್ರನ್ ಕಟ್ಟಿದ ಹುಡುಗಿ ಎಂದು ಕೇಳಿದರೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಒಬ್ಬ ಮುದುಕಿ ನನ್ನ ಕಾಲಿನ ಕಡೆ ಬೆರಳು ಮಾಡಿ, ಇಂಥದ್ದನ್ನು ಮೆಟ್ಟಿದ್ದಳಲ್ಲ, ಅವಳಾ ಎಂದು ಕೇಳಿದಳು. ಬೂಟನ್ನು ಎಲ್ಲರೂ ನೋಡಿದ್ದರು. ನಿನ್ನೆಯಿಡೀ ಅವಳು ನೀರು ಹೊತ್ತಿದ್ದಾಳೆ. ಗಾಯಕ್ಕೆ ಅಂಟಿಕೊಂಡ ಬಟ್ಟೆಯನ್ನು ತನ್ನ ಕತ್ತರಿಯಿಂದ ಕತ್ತರಿಸಿ ಬಿಡಿಸಿದ್ದಾಳೆ. ಚರ್ಮಕ್ಕೆ ಒಂದಿಷ್ಟೂ ತಾಗಿಸಲಿಲ್ಲ, ಮುದುಕಿಯ ಮಗನಿಗೂ ಅವಳೇ ಬಿಡಿಸಿದ್ದಂತೆ. ಆ ಮಗ ಬೆಳಗಿನ ತನಕ ಇದ್ದ.

“ಕತ್ತಲಾದ್ಮೇಲೂ ಹೋಗ್ಲಿಲ್ಲ” ಎಂದಳು ಮುದುಕಿ. “ಅರಸರನ್ನ ಹೊತ್ಕೊಂಡು ಸರೋವರಕ್ಕೆ ಹೋದ್ರಲ್ಲ, ಅವರ ಜೊತೆ ಹೋದ್ಲು. ಹೊರೋಕೆ ಜನ ಎಲ್ಲಿದ್ರು?”

ಸರೋವರದ ದಂಡೆಯಲ್ಲಿ ಕಡ್ವನ್ ಕೂತಿದ್ದ. ಅವನ ಬಲತೋಳಿಗೆ ನೀಲಿ ಚೌಕಳಿಯ ಬಟ್ಟೆ ಸುತ್ತಿತ್ತು. ಅದು ಮಗಳ ಏಪ್ರನ್ನಿನದೆಂದು ಇಥೆಲ್ ಗುರುತಿಸಿದ. ಕುದುರೆಯ ಮೇಲಿಂದಲೇ ಕೈಚಾಚಿ ಅದನ್ನೊಮ್ಮೆ ಮುಟ್ಟಿ ನೋಡಿದ.

ಕಡ್ವನ್ ಹೇಳಿದ. ಬೆಳಕು ಹರಿಯುವ ಮುಂಚೆ ದ್ವೀಪದಿಂದ ದೋಣಿ ಬಂತು. ಅರಸರನ್ನು ಕರೆದೊಯ್ಯಲು ಬಂದವರು ಇಬ್ಬರು ಹೆಂಗಸರು, ಇಬ್ಬರಿಗೂ ವಯಸ್ಸಾಗಿದೆ. ಮೂರನೆಯವಳು ಬರಬೇಕಿತ್ತು, ಜ್ವರ ಬಂದು ಮಲಗಿದ್ದಾಳೆ. ಇಬ್ಬರೂ ಹುಟ್ಟು ಹಾಕಿದರೆ ಅರಸರ ತಲೆ ಅಲುಗದಂತೆ ಹಿಡಿದುಕೊಳ್ಳಲು ಯಾರೂ ಇಲ್ಲ. ತಲೆ ಅಲುಗಿದರೆ ಜೀವ ಹೋಗುತ್ತದೆ. ಗಂಡಸರು ಆ ದೋಣಿ ಹತ್ತುವಂತಿಲ್ಲ. ದಂಡೆಯ ಮೇಲೆ ಇದ್ದ ಹೆಂಗಸು ಗ್ವೆರ್ವಿಲ್ ಒಬ್ಬಳೇ.

“ನಾನು ಬೇಡ ಅಂದೆ, ಅಪ್ಪಾಜಿ. ನಿನ್ನ ದಿನ ನಿನ್ನೆಗೇ ಮುಗೀತು, ನೀನು ಮನೆಗೆ ಹೋಗು ಅಂದೆ.”

“ಅವಳೇನಂದ್ಲು?”

“ಅಪ್ಪ ಬಂದ್ರೆ ಹೇಳು, ದಾಟಿಸಿ ಬಂದ್ಬಿಡ್ತೀನಿ ಅಂದ್ಲು.”

ಇಥೆಲ್ ದೋಣಿ ಯಾವ ಕಡೆ ಹೋಯಿತೆಂದು ಕೇಳಿದ. ಕಡ್ವನ್ ಒಳ್ಳೆಯ ಕೈಯಿಂದ ತೋರಿಸಿದ. ನೀರಿನ ಮೇಲೂ ಮಂಜು. ಹತ್ತು ಮಾರಿನ ಆಚೆ ಏನೂ ಕಾಣುತ್ತಿರಲಿಲ್ಲ. ಆ ಸರೋವರದಲ್ಲಿ ನಾನು ಹುಡುಗನಾಗಿದ್ದಾಗಿನಿಂದ ಮೀನು ಹಿಡಿದಿದ್ದೇನೆ. ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಎಷ್ಟು ಸಲ ಹುಟ್ಟು ಹಾಕಿಕೊಂಡು ಹೋಗಿದ್ದೇನೋ. ಅದರಲ್ಲಿ ದ್ವೀಪವಿಲ್ಲ. ಅದು ಇಥೆಲ್‌ಗೂ ಗೊತ್ತಿತ್ತು.

ಅವನು ನೀರಿನ ಕಡೆ ಮುಖ ಮಾಡಿ ಅವಳನ್ನು ಕರೆದ. ಸಂಜೆ ಹಾಲು ಕರೆಯುವ ಹೊತ್ತಾದಾಗ ಅಂಗಳದಲ್ಲಿ ನಿಂತು ಕರೆಯುವ ಹಾಗೆಯೇ, ಹೆಸರನ್ನು ಕೊನೆಯಲ್ಲಿ ಸ್ವಲ್ಪ ಎಳೆದು. ದಂಡೆಯ ಮೇಲೆ ನರಳುತ್ತ ಮಲಗಿದ್ದವರೂ ತಲೆಯೆತ್ತಿದರು. ಅವನು ಮತ್ತೆ ಕರೆದ. ಮಧ್ಯಾಹ್ನದ ತನಕ ನಡುನಡುವೆ ಕರೆಯುತ್ತಲೇ ಇದ್ದ.

ಆಮೇಲೆ ಗಾಳಿ ತಿರುಗಿತು. ಪಡುವಲಿಂದ ಬೀಸತೊಡಗಿ ಬೆಟ್ಟದ ಮೇಲಿನ ಮಂಜು ಅಲ್ಲಲ್ಲಿ ಹರಿಯಿತು. ಅದು ಪೂರಾ ಸರಿದರೆ ಸಂದು ಬರೀ ಎರಡು ಕಲ್ಲು. ಹೊರಡೋಣ ಎಂದೆ. ಇಥೆಲ್ ಕೇಳಿಸಿಕೊಳ್ಳಲಿಲ್ಲ. ನೀನಿಲ್ಲಿ ಉಳಿದರೆ ಅವಳು ಬಂದಾಗ ಮನೆಯಲ್ಲಿ ಯಾರಿರುತ್ತಾರೆ ಎಂದೆ. ಅದಕ್ಕೂ ಅವನು ಅಲ್ಲಾಡಲಿಲ್ಲ. ನನಗೆ ಬೇರೇನೂ ತೋಚದೆ, “ಹಸುಗಳನ್ನ ಯಾರು ಕರೀತಾರೋ?” ಎಂದುಬಿಟ್ಟೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕುದುರೆಯ ತಲೆಯನ್ನು ಬೆಟ್ಟದ ಕಡೆ ತಿರುಗಿಸಿದ.

ಚಳಿಗಾಲದಲ್ಲಿ ಊರಿನವರು ನಮ್ಮ ಕಡೆಯ ಸರೋವರಕ್ಕೆ ಬಲೆ, ಕೊಕ್ಕೆ ಹಾಕಿ ಎಳೆದರು. ಮುಳುಗಿರಬೇಕು ಎನ್ನದೆ ಹೊರಗಿನಿಂದ ಬಂದ ಪೊಲೀಸಿನವನಿಗೆ ಬೇರೆ ಏನು ಹೇಳುವುದು? ಇಥೆಲ್ ಬೇಡ ಎನ್ನಲಿಲ್ಲ, ದಂಡೆಗೂ ಬರಲಿಲ್ಲ. ಪಾದ್ರಿಗಳು ಮನೆಗೆ ಬಂದು ಅವಳ ಹೆಸರಿನಲ್ಲಿ ಒಂದು ಪ್ರಾರ್ಥನೆ ಇಟ್ಟುಕೊಳ್ಳೋಣವೇ ಎಂದು ಕೇಳಿದಾಗ, ಅವಳು ಕೆಲಸಕ್ಕೆ ಹೋಗಿದ್ದಾಳೆ ಎಂದು ಹೇಳಿ ಚಹಾ ಕೊಟ್ಟು ಕಳಿಸಿದ. ಮೂಡಲ ಗಾಳಿಗೆ ಮಂಜು ಬಂದಾಗಲೆಲ್ಲ ಕುದುರೆಯ ಮೇಲೆ ಬೆಟ್ಟ ಹತ್ತಿ, ಸಂದು ದಾಟಿ, ಸರೋವರದ ತನಕ ಹೋಗಿ ಬರುತ್ತಿದ್ದ. ಒಂದೆರಡು ಸಲ ನಾನೂ ಹೋದೆ. ಆಚೆಯ ಜನ ತಮ್ಮ ಅರಸರಿಗಾಗಿ ದಂಡೆಯಲ್ಲಿ ಕಾಯುತ್ತಿದ್ದರು, ರಾತ್ರಿ ಬೆಂಕಿ ಹಾಕುತ್ತಿದ್ದರಂತೆ. ಇಥೆಲ್ ಅವರ ಸಾಲಿನಲ್ಲಿ ನಿಲ್ಲುತ್ತಿದ್ದ.

“ಅರಸರು ಬಂದೇ ಬರ್ತಾ‌ರೆ ಅಂತ ಎಲ್ಲಾರೂ ಹೇಳ್ತಾರಲ್ಲೋ ಇದ್ವಾಲ್” ಎಂದು ಒಮ್ಮೆ ಇಳಿದು ಬರುವಾಗ ಕೇಳಿದ. “ತಲೆ ಹಿಡ್ಕೊಂಡಿದ್ದೋಳನ್ನ ಅಲ್ಲೇ ಬಿಟ್ಟು ಬರ್ತಾರಾ?”

ಇಲ್ಲ ಎಂದೆ ನಾನು.

ಮುಂದಿನ ಜುಲೈ ಬಂತು. ಈ ಸಲ ಯಾವ ಮನೆಯವರೂ ಅವನಿಗೆ ಬರಬೇಡ ಎನ್ನಲಿಲ್ಲ. ಅವನೂ ಎಲ್ಲ ಮನೆಗಳಿಗೂ ಹೋದ. ಬೆಂಚಿನ ಮೇಲೆ ಕಾಲು ಹರವಿ ಕೂರಲಾರದವನು ಹೆಂಗಸರ ನಡುವೆ ಕೂತು ದಿನವಿಡೀ ಉಣ್ಣೆ ಸುತ್ತಿದ. ಆಳೆಂದರೆ ಆಳು. ಯಾರೂ ನಗಲಿಲ್ಲ.

ಪಂತ್‌ಗ್ಲಾಸಿನ ಬುಧವಾರ ಮಂಜು ಇತ್ತು. ಕೆಲಸ ಹಿಡಿದು ಸ್ವಲ್ಪ ಹೊತ್ತಿಗೆ ಕಡ್ವನ್ ಇಳಿದು ಬಂದ. ಬಲತೋಳು ಸೊಟ್ಟಗೆ ಕೂಡಿಕೊಂಡಿತ್ತು, ಮುಖದಲ್ಲಿ ಪ್ರಾಯ ಇಳಿದಿತ್ತು. ಸಾಲಿನ ಕೊನೆಯಲ್ಲಿ ಕೂತು, ಸೊಂಟದ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡ. ನಾವೆಲ್ಲ ಕೈ ನಿಲ್ಲಿಸಿದೆವು. ಇಥೆಲ್ ದೊಡ್ಡಿಯ ಬಾಗಿಲಿನಿಂದ ಕೋಲೂರಿಕೊಂಡು ನಿಧಾನವಾಗಿ ನಡೆದು ಬಂದ.

“ಏನು ಬಂದೆ?”

“ಮೊದಲನೇ ದಿನ ನಿಮ್ಮ ಮುಯ್ಯಿ, ಅದು ತೀರಿತು” ಎಂದ ಕಡ್ವನ್. “ಎರಡನೇ ದಿನ ಅವಳಾಗೇ ಕೊಟ್ಟಿದ್ದು. ಅದು ನಮ್ಮ ಮೇಲಿದೆ. ತೀರಿಸೋಕೆ ಬಂದೆ.”

“ಆ ದಿನ ಅವಳು ಯಾರ ಕೆಲಸಕ್ಕೆ ಕೊಟ್ಟಿದ್ದು?”

“ಅರಸರ ಕೆಲಸಕ್ಕೆ” ಎಂದ ಕಡ್ವನ್.

“ಹಾಗಾದ್ರೆ ಅದು ನಿನ್ನ ಮನೆ ಲೆಕ್ಕ ಅಲ್ಲ. ಅವರ ಮನೇದು. ಅಲ್ಲಿಂದ ಬರಲಿ.”

“ಅವರು ಇನ್ನೂ ಬಂದಿಲ್ಲ, ಅಪ್ಪಾಜಿ.”

“ಅದು ನನಗೂ ಗೊತ್ತು ಕಣಪ್ಪ. ನೀನು ಇವತ್ತು ತೀರಿಸಿಬಿಟ್ರೆ ಅವರು ಈ ಅಂಗಳಕ್ಕೆ ಯಾಕೆ ಬರ್ತಾರೆ?”

ಕಡ್ವನ್ ಕತ್ತರಿಯನ್ನು ಹಿಡಿದುಕೊಂಡೇ ಕೂತಿದ್ದ. ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಸೊಟ್ಟ ಕೈ ಮೇಲೇಳಲಿಲ್ಲ. ಇಥೆಲ್ ಬಗ್ಗಿ ಆ ಕತ್ತರಿಯನ್ನು ಅವನ ಬೆರಳುಗಳಿಂದ ಬಿಡಿಸಿ ಅವನ ಸೊಂಟಕ್ಕೇ ಸಿಕ್ಕಿಸಿದ. ಊಟ ಮಾಡದೆ ಹೋಗಬಾರದೆಂದು ಹೇಳಿದ. ನೆಸ್ಟ್ ಅವನನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಬಡಿಸಿದಳು. ಅವನು ಉಂಡು, ಎಲ್ಲರಿಗೂ ತಲೆಬಾಗಿ, ಬೆಟ್ಟ ಹತ್ತಿಹೋದ. ಇಥೆಲ್ ಆಗಲೇ ದೊಡ್ಡಿಯ ಬಾಗಿಲಿಗೆ ಹಿಂದಿರುಗಿ ಮುಂದಿನ ಕುರಿಯನ್ನು ಆರಿಸುತ್ತಿದ್ದ.

ಈಗ ಇಥೆಲ್ ಇಲ್ಲ. ಪಂತ್‌ಗ್ಲಾಸಿನ ಮಂದೆಯನ್ನು ನಮ್ಮದರ ಜೊತೆಗೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಆ ಮನೆಯ ಕುರಿಗೆ ಆ ಮನೆಯದೇ ಕಿವಿಗುರುತು, ಅದರ ಬುಧವಾರವೂ ಅದರದ್ದೇ. ಆ ಮನೆಯಿಂದ ಯಾರಿಗೂ ಒಂದು ದಿನದ ಬಾಕಿಯಿಲ್ಲ. ಆ ಮನೆಗೆ ಬರಬೇಕಾದದ್ದು ಒಂದು ದಿನ ಇದೆ, ಇನ್ನೂ ಬಂದಿಲ್ಲ.